ಡಿಸೆಂಬರ್ ಟ್ರೇಡೋ, ಜುಲೈ ಡೆಡ್‌ಲೈನೋ? ಸ್ಟಾರ್ಟರ್ ಬೇಕಾದ ತಂಡದ ಲೆಕ್ಕಾಚಾರ

ಪ್ರಶ್ನೆ: ಅಮೆರಿಕಕ್ಕೆ ಬಂದು ಆರು ವರ್ಷವಾಯಿತು, ಬೇಸ್‌ಬಾಲ್ ಹುಚ್ಚು ಚೆನ್ನಾಗಿಯೇ ಹಿಡಿದಿದೆ. ನಮ್ಮ ತಂಡ ಕಳೆದ ಸೀಸನ್‌ನಲ್ಲಿ 86 ಪಂದ್ಯ ಗೆದ್ದು ಪ್ಲೇಆಫ್ ಬಾಗಿಲಲ್ಲೇ ನಿಂತುಬಿಟ್ಟಿತು. ಒಬ್ಬ ಒಳ್ಳೆಯ ಸ್ಟಾರ್ಟಿಂಗ್ ಪಿಚರ್ (ಪಂದ್ಯದ ಆರಂಭದಿಂದ ಚೆಂಡೆಸೆಯುವ ಸ್ಟಾರ್ಟರ್) ಬೇಕೇ ಬೇಕು. ಆಫೀಸಿನ ಗೆಳೆಯರು "ಈ ಚಳಿಗಾಲದಲ್ಲೇ ಟ್ರೇಡ್ ಮಾಡಿ ತರಬೇಕು" ಅನ್ನುತ್ತಾರೆ. ನನ್ನ ವಾದ ಬೇರೆ: ಟ್ರೇಡ್‌ಗೆ ಕೊನೆಯ ದಿನವಾದ ಜುಲೈ ಡೆಡ್‌ಲೈನ್‌ವರೆಗೆ ಕಾಯೋಣ, ತಂಡ ಗೆಲ್ಲುತ್ತಿದ್ದರೆ ಕೊಳ್ಳೋಣ, ಆಗ ಬೆಲೆಯೂ ಇಳಿದಿರುತ್ತದೆ. ಯಾರದು ಸರಿ?

ಉತ್ತರ: ಸ್ಟಾರ್ಟರ್ ವಿಷಯದಲ್ಲಿ ನಿಮ್ಮ ಗೆಳೆಯರ ಮಾತೇ ಸರಿ. ಬುಲ್‌ಪೆನ್‌ಗೆ ಒಬ್ಬ ರಿಲೀವರ್ (ಸ್ಟಾರ್ಟರ್ ನಂತರ ಬಂದು ಎಸೆಯುವ ಪಿಚರ್) ಅಥವಾ ಎಡ-ಬಲ ಔಟ್‌ಫೀಲ್ಡ್‌ಗೆ ಒಬ್ಬ ಬ್ಯಾಟರ್ ಬೇಕಾಗಿದ್ದರೆ ನಿಮ್ಮ ಕಡೆಗೆ ವಾಲುತ್ತಿದ್ದೆ. ಇಬ್ಬರೂ "ಯಾವಾಗ ಕೊಳ್ಳಬೇಕು" ಎಂದು ವಾದಿಸುತ್ತಿದ್ದೀರಿ. ಆದರೆ ಡಿಸೆಂಬರ್‌ನಲ್ಲಿ ಸಿಗುವ ಸರಕೇ ಬೇರೆ, ಜುಲೈನಲ್ಲಿ ಸಿಗುವ ಸರಕೇ ಬೇರೆ. ಮೊದಲು ಅದನ್ನು ಎಣಿಸಿ ನೋಡೋಣ.

162 ಪಂದ್ಯಗಳ ಸೀಸನ್‌ನಲ್ಲಿ ಆರೋಗ್ಯವಾಗಿರುವ ಸ್ಟಾರ್ಟರ್ 32ರ ಆಸುಪಾಸು ಪಂದ್ಯ ಆರಂಭಿಸುತ್ತಾನೆ. ಜುಲೈ ಕೊನೆಯ ಹೊತ್ತಿಗೆ ಸುಮಾರು 108 ಪಂದ್ಯ ಮುಗಿದಿರುತ್ತವೆ, ಉಳಿದಿರುವುದು 54. ಐವರು ಸರದಿಯಂತೆ ಪಂದ್ಯ ಆರಂಭಿಸುವ ರೊಟೇಶನ್‌ನಲ್ಲಿ ಅವನ ಪಾಲಿಗೆ ಬರುವುದು ಹತ್ತೋ ಹನ್ನೊಂದೋ ಸ್ಟಾರ್ಟ್, ಅಂದರೆ ಮೂರರಲ್ಲಿ ಒಂದು ಪಾಲು. ಇಡೀ ವರ್ಷಕ್ಕೆ ನಾಲ್ಕು ಗೆಲುವಿನಷ್ಟು ಬೆಲೆಬಾಳುವ ಪಿಚರ್ ಆಗಸ್ಟ್-ಸೆಪ್ಟೆಂಬರ್‌ಗೆ ಮಾತ್ರ ಬಂದರೆ ಒಂದೂಕಾಲು ಗೆಲುವು ತಂದಾನು. ಉಳಿದ ಎರಡೂಮುಕ್ಕಾಲು ಗೆಲುವು ಏಪ್ರಿಲ್‌ನಿಂದ ಜುಲೈ ಒಳಗೆ ನಿಮ್ಮ ಐದನೇ ಸ್ಟಾರ್ಟರ್ ಕೈಯಲ್ಲಿ ಸೋರಿಹೋಗಿರುತ್ತದೆ.

86 ಗೆದ್ದ ತಂಡಕ್ಕೆ ಆ ಎರಡೂಮುಕ್ಕಾಲು ಎಷ್ಟು ದೊಡ್ಡದು ಅನ್ನುವುದಕ್ಕೆ ಎರಡು ವರ್ಷದ ಅಂಕಪಟ್ಟಿ ಸಾಕು. 2024ರಲ್ಲಿ ಮೆಟ್ಸ್, ಬ್ರೇವ್ಸ್, ಡೈಮಂಡ್‌ಬ್ಯಾಕ್ಸ್ ಮೂರೂ 89 ಗೆಲುವು, 73 ಸೋಲಿನಲ್ಲಿ ನಿಂತವು. ಟೈಬ್ರೇಕರ್‌ನಲ್ಲಿ ಮನೆಗೆ ಹೋದದ್ದು ಡೈಮಂಡ್‌ಬ್ಯಾಕ್ಸ್. 2025ರಲ್ಲಿ ಮೆಟ್ಸ್, ರೆಡ್ಸ್ ಎರಡೂ 83-79. ಪರಸ್ಪರ ಆಡಿದ ಪಂದ್ಯಗಳಲ್ಲಿ ಹೆಚ್ಚು ಗೆದ್ದಿದ್ದ ರೆಡ್ಸ್ ಒಳಗೆ ಹೋಯಿತು. 2022ರಿಂದ ಸಮಬಲ ಬಿಡಿಸಲು 163ನೇ ಪಂದ್ಯವೂ ಇಲ್ಲ. ಏಪ್ರಿಲ್‌ನ ಚಳಿಯ ಮಂಗಳವಾರ ಸೋತ ಪಂದ್ಯಕ್ಕೂ ಸೆಪ್ಟೆಂಬರ್‌ನ ಪಂದ್ಯಕ್ಕೂ ಪಟ್ಟಿಯಲ್ಲಿ ಒಂದೇ ತೂಕ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ ಆಗಬಾರದು ಅಂತಲೇ ಗೆಳೆಯರ ಕಡೆ ನಿಂತಿದ್ದೇನೆ.

ಈಗ "ಜುಲೈನಲ್ಲಿ ಬೆಲೆ ಇಳಿದಿರುತ್ತದೆ" ಎಂಬ ನಿಮ್ಮ ಮಾತು. ಇಲ್ಲಿ ಬೆಲೆ ಎಂಬುದು ಎರಡು ಬಗೆ: ಸಂಬಳ ಮತ್ತು ಪ್ರಾಸ್ಪೆಕ್ಟ್‌ಗಳು, ಅಂದರೆ ಮುಂದೆ ಬೆಳೆಯುವ ಭರವಸೆಯ ಹುಡುಗರು. ಐಪಿಎಲ್ ನೋಡಿ ಬೆಳೆದವರಿಗೆ ಇದು ಥಟ್ಟನೆ ಹೊಳೆಯುವುದಿಲ್ಲ. 2023ರ ನವೆಂಬರ್‌ನಲ್ಲಿ ಆರ್‌ಸಿಬಿ ಮುಂಬೈಗೆ 17.5 ಕೋಟಿ ರೂಪಾಯಿ ಎಣಿಸಿ ಕ್ಯಾಮೆರಾನ್ ಗ್ರೀನ್ ಅವರನ್ನು ತಂದಿತು. ಬದಲಿಗೆ ಆಟಗಾರನನ್ನು ಕೊಡಲಿಲ್ಲ. ಬೇಸ್‌ಬಾಲ್‌ನಲ್ಲಿ ಒಳ್ಳೆಯ ಸ್ಟಾರ್ಟರ್‌ಗೆ ನಡೆಯುವ ನಾಣ್ಯ ಮೈನರ್ ಲೀಗ್‌ನ, ಅಂದರೆ ಕೆಳಹಂತದ ಲೀಗ್‌ಗಳಲ್ಲಿ ಪಳಗುತ್ತಿರುವ ಹುಡುಗರು. ಜುಲೈನಲ್ಲಿ ಇಳಿಯುವುದು ಸಂಬಳ ಮಾತ್ರ. ಹುಡುಗರ ರೂಪದ ಬೆಲೆ ಮೂರನೇ ಒಂದಕ್ಕೆ ಇಳಿಯುವುದಿಲ್ಲ, ಎಷ್ಟೋ ಸಲ ಏರುತ್ತದೆ.

ಯಾಕೆಂದರೆ ಸ್ಟಾರ್ಟ್‌ಗಳು ಮೂರನೇ ಒಂದಾದರೂ ಅಕ್ಟೋಬರ್‌ನ ಪ್ಲೇಆಫ್ ಇಡಿಯಾಗಿಯೇ ಉಳಿದಿರುತ್ತದೆ, ಕೊಳ್ಳುವವರು ದುಡ್ಡು ಸುರಿಯುವುದೇ ಅದಕ್ಕೆ. ಜೊತೆಗೆ ಡಿಸೆಂಬರ್‌ನಲ್ಲಿ ಮಾರುವ ತಂಡಕ್ಕೆ ಫ್ರೀ ಏಜೆಂಟ್‌ಗಳ (ಒಪ್ಪಂದ ಮುಗಿದು ಯಾವ ತಂಡವನ್ನಾದರೂ ಸೇರಬಹುದಾದವರ) ಪೈಪೋಟಿ ಇರುತ್ತದೆ. "ನೀವು ಜಾಸ್ತಿ ಕೇಳಿದರೆ ನಾನು ಬರೀ ಹಣಕ್ಕೆ ಸಿಗುವ ಪಿಚರ್ ಹತ್ತಿರ ಹೋಗುತ್ತೇನೆ" ಎಂದು ಕೊಳ್ಳುವವರು ಎದ್ದು ಬರಬಹುದು. ಜುಲೈನಲ್ಲಿ ಆ ಬಾಗಿಲು ಮುಚ್ಚಿರುತ್ತದೆ. ಇನ್ನು 2022ರಿಂದ ಪ್ರತಿ ಲೀಗ್‌ನಿಂದ ಆರು ತಂಡ ಪ್ಲೇಆಫ್‌ಗೆ ಹೋಗುವುದರಿಂದ ಜುಲೈ ಕೊನೆಯಲ್ಲೂ "ನಮಗಿನ್ನೂ ಆಸೆ ಇದೆ" ಅನ್ನುವವರೇ ಹೆಚ್ಚು. ಮಾರುವವರು ನಾಲ್ಕು ಮಂದಿ, ಕೊಳ್ಳುವವರು ಹದಿನೈದು ಮಂದಿ ಆದರೆ ಏನಾಗುತ್ತದೆ ಎಂದು ವರಮಹಾಲಕ್ಷ್ಮಿ ಹಬ್ಬದ ಹಿಂದಿನ ಸಂಜೆ ಕನಕಾಂಬರ ಕೊಂಡವರಿಗೆ ಹೇಳಬೇಕಾಗಿಲ್ಲ.

ಸಂಬಳದ ಲೆಕ್ಕದಲ್ಲಿ ಮಾತ್ರ ನಿಮ್ಮ ವಾದಕ್ಕೆ ನಿಜವಾದ ಬಲವಿದೆ. 2025ರ ಸೀಸನ್ ಮಾರ್ಚ್ 27ರಿಂದ ಸೆಪ್ಟೆಂಬರ್ 28ರವರೆಗೆ, 186 ದಿನ. ಜುಲೈ 31ರ ಡೆಡ್‌ಲೈನ್ ಮುಗಿದ ಮೇಲೆ ಉಳಿದದ್ದು 59 ದಿನ, ನೂರಕ್ಕೆ 32. ಸಂಬಳ ದಿನದ ಲೆಕ್ಕದಲ್ಲಿ ಹಂಚಿಹೋಗುತ್ತದೆ. ಒಟ್ಟು ಸಂಬಳ ಒಂದು ಗೆರೆ ದಾಟಿದ ತಂಡ ಕಟ್ಟುವ ಐಷಾರಾಮಿ ತೆರಿಗೆಗೂ ಅದೇ ಲೆಕ್ಕ. 2025ರಲ್ಲಿ ಆ ತೆರಿಗೆಯ ಗೆರೆ 24.1 ಕೋಟಿ ಡಾಲರ್. ನಿಮ್ಮ ತಂಡದ ಮೊತ್ತ 23.5 ಕೋಟಿಯಲ್ಲಿದೆ, ಒಂದು ವರ್ಷದ ಒಪ್ಪಂದದಲ್ಲಿರುವ 2.4 ಕೋಟಿ ಡಾಲರ್‌ನ ಪಿಚರ್ ಬೇಕು ಅಂದುಕೊಳ್ಳಿ. ಡಿಸೆಂಬರ್‌ನಲ್ಲಿ ತಂದರೆ ಮೊತ್ತ 25.9 ಕೋಟಿ, ಗೆರೆ ದಾಟಿದ 1.8 ಕೋಟಿಯ ಮೇಲೆ ಮೊದಲ ಸಲ ದಾಟುವವರಿಗೆ ನೂರಕ್ಕೆ 20, ಅಂದರೆ 36 ಲಕ್ಷ ಡಾಲರ್ ತೆರಿಗೆ. ಜುಲೈ ಕೊನೆಯಲ್ಲಿ ತಂದರೆ ಲೆಕ್ಕಕ್ಕೆ ಸೇರುವುದು 76 ಲಕ್ಷ, ಗೆರೆ ದಾಟುವುದು 16 ಲಕ್ಷ, ತೆರಿಗೆ 3.2 ಲಕ್ಷ. ಸತತ ಎರಡನೇ ವರ್ಷ ದಾಟಿದವರಿಗೆ ದರ 30, ಮೂರನೇ ವರ್ಷಕ್ಕೆ 50. ಮಾಲೀಕರು ಗೆರೆ ದಾಟುವುದಿಲ್ಲ ಎಂದು ಹಟ ಹಿಡಿದಿದ್ದರೆ ಜನರಲ್ ಮ್ಯಾನೇಜರ್‌ಗೆ ಜುಲೈ ಬಿಟ್ಟು ದಾರಿಯಿಲ್ಲ. ನಿಮ್ಮ ತಂಡ ಗೆರೆಯಿಂದ ಎಷ್ಟು ದೂರದಲ್ಲಿದೆ ಎಂದು ನೋಡದೆ ಈ ವಾದ ಮಾಡುವುದೇ ವ್ಯರ್ಥ.

ಚಳಿಗಾಲದಲ್ಲಿ ಕೊಂಡವರಿಗೆ ಕಣ್ಣಿಗೆ ಕಾಣದ ಇನ್ನೊಂದು ಲಾಭವಿದೆ: ಕ್ವಾಲಿಫೈಯಿಂಗ್ ಆಫರ್. ಒಪ್ಪಂದ ಮುಗಿದ ಆಟಗಾರನಿಗೆ ಒಂದು ವರ್ಷದ ನಿಗದಿತ ಮೊತ್ತವನ್ನು ತಂಡ ಮುಂದಿಡಬಹುದು; ಅವನು ಬೇಡವೆಂದು ಬೇರೆ ತಂಡಕ್ಕೆ ಸಹಿ ಹಾಕಿದರೆ ಹಳೆಯ ತಂಡಕ್ಕೆ ಪರಿಹಾರವಾಗಿ ಡ್ರಾಫ್ಟ್‌ನಲ್ಲಿ (ಹೊಸ ಹುಡುಗರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವಲ್ಲಿ) ಒಂದು ಆಯ್ಕೆ ಸಿಗುತ್ತದೆ. ಷರತ್ತು ಏನೆಂದರೆ ಆತ ಇಡೀ ಸೀಸನ್ ಅದೇ ತಂಡದಲ್ಲಿ ಇದ್ದಿರಬೇಕು. ಜುಲೈನಲ್ಲಿ ಬಂದವನಿಗೆ ಈ ಆಫರ್ ಕೊಡುವಂತೆಯೇ ಇಲ್ಲ.

ಕಾರ್ಬಿನ್ ಬರ್ನ್ಸ್ ಉದಾಹರಣೆ ನೋಡಿ. 2024ರ ಫೆಬ್ರವರಿ 1ರಂದು ಓರಿಯೋಲ್ಸ್ ಅವರನ್ನು ಬ್ರೂವರ್ಸ್‌ನಿಂದ ತಂದಿತು. ಕೊಟ್ಟದ್ದು ಜೋಯಿ ಓರ್ಟಿಜ್, ಡಿ.ಎಲ್. ಹಾಲ್ ಮತ್ತು ಆ ವರ್ಷದ ಡ್ರಾಫ್ಟ್‌ನ 34ನೇ ಆಯ್ಕೆ. ಒಪ್ಪಂದದಲ್ಲಿ ಉಳಿದಿದ್ದು ಒಂದೇ ವರ್ಷ. ಬರ್ನ್ಸ್ 32 ಸ್ಟಾರ್ಟ್ ಮಾಡಿದರು, ಇಆರ್‌ಎ (ಒಂಬತ್ತು ಇನ್ನಿಂಗ್ಸ್‌ಗೆ ಪಿಚರ್ ಹೊಣೆಯ ರನ್‌ಗಳ ಸರಾಸರಿ; ಕಡಿಮೆಯಾದಷ್ಟೂ ಒಳ್ಳೆಯದು) 2.92. ಅಕ್ಟೋಬರ್‌ನಲ್ಲಿ ರಾಯಲ್ಸ್ ವಿರುದ್ಧ ಎಂಟು ಇನ್ನಿಂಗ್ಸ್‌ನಲ್ಲಿ ಒಂದೇ ರನ್ ಬಿಟ್ಟುಕೊಟ್ಟರು. ತಂಡ ಸೊನ್ನೆ ರನ್ ಗಳಿಸಿ 1-0ಯಿಂದ ಸೋತಿತು. ಆ ಸೋಲಿಗೆ ಟ್ರೇಡನ್ನು ದೂರುವಂತಿಲ್ಲ. ನವೆಂಬರ್‌ನಲ್ಲಿ ತಂಡ 2.105 ಕೋಟಿ ಡಾಲರ್‌ನ ಆಫರ್ ಇಟ್ಟಿತು, ಅವರು ಒಪ್ಪದೆ ಅರಿಜೋನಾಕ್ಕೆ ಆರು ವರ್ಷ, 21 ಕೋಟಿಗೆ ಹೋದರು. ಓರಿಯೋಲ್ಸ್‌ಗೆ 2025ರ ಮೊದಲ ಸುತ್ತು ಮುಗಿದ ಕೂಡಲೇ ಒಂದು ಆಯ್ಕೆ ಸಿಕ್ಕಿತು. ಕೊಟ್ಟ ಡ್ರಾಫ್ಟ್ ಆಯ್ಕೆ ಹೀಗೆ ಮತ್ತೆ ಕೈಸೇರಿತು. ಇದೇ ಪಿಚರ್ ಜುಲೈನಲ್ಲಿ ಬಂದಿದ್ದರೆ ಹನ್ನೊಂದು ಸ್ಟಾರ್ಟ್, ಆಮೇಲೆ ಕೈ ಖಾಲಿ.

ಗ್ಯಾರೆಟ್ ಕ್ರೋಶೆ ಅವರ ಟ್ರೇಡ್ ಇನ್ನೂ ಚೆನ್ನಾಗಿ ಕಲಿಸುತ್ತದೆ. 2024ರಲ್ಲಿ 121 ಪಂದ್ಯ ಸೋತ ವೈಟ್ ಸಾಕ್ಸ್‌ನಲ್ಲಿ ಇದ್ದ ಒಂದೇ ರತ್ನ ಅವರು. ಜುಲೈನಲ್ಲಿ ಹಲವು ತಂಡಗಳು ಕೇಳಿದವು, ವ್ಯಾಪಾರ ಕುದುರಲಿಲ್ಲ. ಮೊಣಕೈ ಶಸ್ತ್ರಚಿಕಿತ್ಸೆಯಾದ ಮೇಲೆ 2023ರಲ್ಲಿ ಹದಿಮೂರು ಇನ್ನಿಂಗ್ಸ್ ಕೂಡ ಎಸೆಯದ ತೋಳು ಅದು. ಸ್ಟಾರ್ಟರ್ ಆಗಿ ಅದೇ ಮೊದಲ ವರ್ಷ. ಅಕ್ಟೋಬರ್‌ವರೆಗೆ ಎಳೆದರೆ ತೋಳು ತಡೆಯುತ್ತದೆಯೇ ಎಂಬ ಪ್ರಶ್ನೆಗೆ ಜುಲೈನಲ್ಲಿ ಯಾರ ಬಳಿಯೂ ಉತ್ತರ ಇರಲಿಲ್ಲ. ವರ್ಷ ಮುಗಿಯುವಾಗ 146 ಇನ್ನಿಂಗ್ಸ್, 209 ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಔಟಾದ ಬ್ಯಾಟರ್‌ಗಳು), ತೋಳು ಗಟ್ಟಿ. ಡಿಸೆಂಬರ್‌ನಲ್ಲಿ ರೆಡ್ ಸಾಕ್ಸ್ ನಾಲ್ವರು ಹುಡುಗರನ್ನು ಕೊಟ್ಟು ಕರೆತಂದಿತು: ಕ್ಯಾಚರ್ ಕೈಲ್ ಟೀಲ್, ಬ್ರೇಡನ್ ಮಾಂಟ್ಗೊಮರಿ, ಚೇಸ್ ಮೈಡ್ರಾತ್, ವಿಕೆಲ್ಮನ್ ಗೊನ್ಸಾಲೆಸ್.

ಈ ನಾಲ್ಕು ಹೆಸರಲ್ಲಿ ಎರಡನೆಯದರ ಮೇಲೆ ಬೆರಳಿಡಿ. ಮಾಂಟ್ಗೊಮರಿಯನ್ನು ರೆಡ್ ಸಾಕ್ಸ್ ಆರಿಸಿಕೊಂಡದ್ದು ಅದೇ ಜುಲೈನ ಡ್ರಾಫ್ಟ್‌ನಲ್ಲಿ, 12ನೇ ಆಯ್ಕೆಯಾಗಿ. ಆ ವರ್ಷ ಡ್ರಾಫ್ಟ್ ಆದ ಹುಡುಗನನ್ನು ವರ್ಷದ ಕೊನೆಯ ಚಾಂಪಿಯನ್‌ಶಿಪ್ ಸರಣಿಯಾದ ವರ್ಲ್ಡ್ ಸೀರೀಸ್ ಮುಗಿಯುವವರೆಗೆ ಟ್ರೇಡ್ ಮಾಡುವಂತಿಲ್ಲ ಎಂಬುದು ನಿಯಮ. ಅಂದರೆ ಜುಲೈ ಕೊನೆಯಲ್ಲಿ ಇದೇ ಟ್ರೇಡ್ ಮಾಡಲು ಎರಡೂ ಕಡೆ ಮನಸ್ಸಿದ್ದರೂ ಸಾಧ್ಯವಿರಲಿಲ್ಲ! ನವೆಂಬರ್ ಬಂದಂತೆ ನಿಮ್ಮ ಕಿಸೆಗೆ ಹೊಸ ನಾಣ್ಯ ಬೀಳುತ್ತದೆ, ಡೆಡ್‌ಲೈನ್‌ನಲ್ಲಿ ಅದಿಲ್ಲ. ಮುಂದೆ ವಸಂತಕಾಲದಲ್ಲಿ ರೆಡ್ ಸಾಕ್ಸ್ ಎದುರುಬದುರು ಕೂತು ಆರು ವರ್ಷ, 17 ಕೋಟಿ ಡಾಲರ್‌ಗೆ ಕ್ರೋಶೆ ಅವರ ಒಪ್ಪಂದ ವಿಸ್ತರಿಸಿತು. 2025ರಲ್ಲಿ ಅವರು 18 ಗೆದ್ದು 5 ಸೋತರು, 255 ಸ್ಟ್ರೈಕ್‌ಔಟ್. ಸ್ಪ್ರಿಂಗ್ ಟ್ರೈನಿಂಗ್‌ನ ಆರು ವಾರದಲ್ಲಿ ಹೀಗೆ ಮಾತುಕತೆಗೆ ಪುರುಸೊತ್ತಿರುತ್ತದೆ, ಹೊಸ ಪಿಚ್ ಕಲಿಸಲೂ, ಕ್ಯಾಚರ್ ಜೊತೆ ಹೊಂದಿಕೆ ಮಾಡಿಸಲೂ ಸಮಯವಿರುತ್ತದೆ. ಕ್ಯಾಚರ್ ಒಬ್ಬನನ್ನು ಜುಲೈನಲ್ಲಿ ತಂದರಂತೂ ಇಡೀ ಪಿಚಿಂಗ್ ಪಡೆಯ ಸ್ವಭಾವವನ್ನು ವಿಮಾನದಲ್ಲೇ ಬಾಯಿಪಾಠ ಮಾಡಬೇಕಾಗುತ್ತದೆ.

ವೈದ್ಯಕೀಯ ತಪಾಸಣೆಯ ಮಾತೂ ಇಲ್ಲೇ ಬರುತ್ತದೆ. ಡಿಸೆಂಬರ್‌ನಲ್ಲಿ ಎಂಆರ್‌ಐ ಚಿತ್ರಗಳನ್ನು ನಿಧಾನವಾಗಿ, ಬೇಕಾದರೆ ಇಬ್ಬರು ಮೂವರು ವೈದ್ಯರಿಗೆ ತೋರಿಸಿ ನೋಡಬಹುದು. ಜುಲೈನಲ್ಲಿ ಗಂಟೆಗಳ ಲೆಕ್ಕ. 2015ರ ಜುಲೈ 29ರ ರಾತ್ರಿ ಮೆಟ್ಸ್ ಮತ್ತು ಬ್ರೂವರ್ಸ್ ನಡುವೆ ಕಾರ್ಲೋಸ್ ಗೋಮೆಜ್ ಟ್ರೇಡ್ ಮುಗಿಯಿತು ಎಂದು ಸುದ್ದಿ ಹರಡಿತು. ಕೊಡಬೇಕಿದ್ದವರಲ್ಲಿ ಒಬ್ಬರಾದ ವಿಲ್ಮರ್ ಫ್ಲೋರೆಸ್ ಆ ಹೊತ್ತಿನಲ್ಲಿ ಸಿಟಿ ಫೀಲ್ಡ್‌ನಲ್ಲಿ ಆಡುತ್ತಿದ್ದರು. ಸುದ್ದಿ ಕಿವಿಗೆ ಬಿದ್ದು ಮೈದಾನದಲ್ಲೇ ಕಣ್ಣೊರೆಸಿಕೊಂಡರು. ಆಮೇಲೆ ಗೋಮೆಜ್ ಅವರ ಸೊಂಟದ ವರದಿ ಸರಿಯಿಲ್ಲವೆಂದು ಮೆಟ್ಸ್ ಹಿಂದೆ ಸರಿಯಿತು. ಎರಡು ದಿನದ ಬಳಿಕ, ಡೆಡ್‌ಲೈನ್‌ಗೆ ನಿಮಿಷಗಳಿರುವಾಗ, ಯೋಯೆನಿಸ್ ಸೆಸ್ಪೆಡಿಸ್ ಸಿಕ್ಕರು. ಅದೇ ರಾತ್ರಿ ಫ್ಲೋರೆಸ್ 12ನೇ ಇನ್ನಿಂಗ್ಸ್‌ನಲ್ಲಿ ಹೋಮ್ ರನ್ ಹೊಡೆದು ಪಂದ್ಯ ಗೆಲ್ಲಿಸಿದರು. ತಂಡ ವರ್ಲ್ಡ್ ಸೀರೀಸ್‌ವರೆಗೆ ಹೋಯಿತು. ಅಂದು ಮೆಟ್ಸ್ ಕೈಹಿಡಿದದ್ದು ಅದೃಷ್ಟ. ಇನ್ನೊಬ್ಬ ಆಟಗಾರ ಸಿಗದೇ ಹೋಗಿದ್ದರೆ ಮತ್ತೊಂದು ಮಾತುಕತೆಗೆ ಗಡಿಯಾರದಲ್ಲಿ ಜಾಗವಿರಲಿಲ್ಲ.

ಇಷ್ಟು ಹೇಳಿದ ಮೇಲೂ ನಿಮ್ಮ ವಾದದ ಅತ್ಯುತ್ತಮ ಭಾಗವನ್ನು ಬಿಡಲಾರೆ: ಜುಲೈನಲ್ಲಿ ಮಾಹಿತಿ ಹೆಚ್ಚು. ಯಾರಿಗೆ ಗಾಯ, ಯಾವ ಹುಡುಗ ಬೆಳೆದ, ತಂಡದ ಸ್ಥಾನ ಎಲ್ಲಿದೆ ಎಂದು ನೂರೆಂಟು ಪಂದ್ಯ ನೋಡಿ ಹೇಳಬಹುದು. 2021ರ ಬ್ರೇವ್ಸ್ ಇದಕ್ಕೆ ಸಾಕ್ಷಿ. ಜುಲೈ 10ರಂದು ರೊನಾಲ್ಡ್ ಅಕುನ್ಯಾ ಜೂನಿಯರ್ ಮೊಣಕಾಲಿನ ಲಿಗಮೆಂಟ್ ಹರಿದುಕೊಂಡರು, ತಂಡಕ್ಕೆ ಗೆಲುವಿಗಿಂತ ಸೋಲೇ ಹೆಚ್ಚಿತ್ತು. ಅಂಥ ಸ್ಥಿತಿಯಲ್ಲಿ ಜೋಕ್ ಪೀಡರ್ಸನ್, ಆಡಮ್ ಡುವಾಲ್, ಹೋರ್ಹೆ ಸೊಲೇರ್, ಎಡ್ಡಿ ರೊಸಾರಿಯೊ ನಾಲ್ವರನ್ನೂ ಪುಡಿಗಾಸಿಗೆ ತಂದರು. ರೊಸಾರಿಯೊ ಆಗ ಗಾಯಾಳುಗಳ ಪಟ್ಟಿಯಲ್ಲಿದ್ದರು. ರೊಸಾರಿಯೊ ನ್ಯಾಷನಲ್ ಲೀಗ್ ಫೈನಲ್‌ನ, ಸೊಲೇರ್ ವರ್ಲ್ಡ್ ಸೀರೀಸ್‌ನ ಶ್ರೇಷ್ಠ ಆಟಗಾರರಾದರು. ಆದರೆ ನಾಲ್ವರೂ ಔಟ್‌ಫೀಲ್ಡರ್‌ಗಳು ಎಂಬುದನ್ನು ಗಮನಿಸಿ. ಬ್ಯಾಟ್ ಹಿಡಿಯುವ ಬಾಡಿಗೆ ಔಟ್‌ಫೀಲ್ಡರ್ ಪ್ರತಿ ಜುಲೈನಲ್ಲೂ ಸಿಗುತ್ತಾನೆ. ಎರಡು ವರ್ಷ ಒಪ್ಪಂದ ಉಳಿದಿರುವ ಸ್ಟಾರ್ಟರ್ ಹಾಗೆ ಸಿಗುವುದಿಲ್ಲ.

ಮಾಹಿತಿ ಇದ್ದೂ ಎಡವಿದವರೂ ಇದ್ದಾರೆ. 2023ರಲ್ಲಿ ಏಂಜಲ್ಸ್ ಶೊಹೆಯ್ ಓಟಾನಿಯವರ ಕೊನೆಯ ವರ್ಷವೆಂದು ಪಣತೊಟ್ಟು, ತನ್ನ ಒಳ್ಳೆಯ ಕ್ಯಾಚಿಂಗ್ ಪ್ರಾಸ್ಪೆಕ್ಟ್ ಎಡ್ಗರ್ ಕೆರೊ ಮತ್ತು ಕೈ ಬುಶ್ ಅವರನ್ನು ಕೊಟ್ಟು ಲ್ಯೂಕಸ್ ಜಿಯೊಲಿಟೊ, ರೆನಾಲ್ಡೊ ಲೋಪೆಜ್ ಇಬ್ಬರನ್ನು ತಂದಿತು. ಏಂಜಲ್ಸ್ ಪರ ಆರು ಸ್ಟಾರ್ಟ್‌ನಲ್ಲಿ ಜಿಯೊಲಿಟೊ ಇಆರ್‌ಎ 6.89. ಆಗಸ್ಟ್‌ನಲ್ಲಿ ತಂಡ 8 ಗೆದ್ದು 19 ಸೋತಿತು. ತಿಂಗಳ ಕೊನೆಗೆ ತೆರಿಗೆ ಗೆರೆಯ ಕೆಳಗಿಳಿಯಲು ಅದೇ ಪಿಚರ್‌ಗಳನ್ನು ವೇವರ್‌ಗೆ (ಬೇರೆ ತಂಡಗಳು ಸಂಬಳ ಸಮೇತ ಎತ್ತಿಕೊಳ್ಳಲೆಂದು) ಬಿಟ್ಟಿತು. ಎದುರು ದಿಕ್ಕಿನಲ್ಲಿ 2024ರ ಟೈಗರ್ಸ್: "ಈ ವರ್ಷ ಆಗದು" ಎಂದು ಜ್ಯಾಕ್ ಫ್ಲಾಹರ್ಟಿ ಅವರನ್ನು ಡಾಡ್ಜರ್ಸ್‌ಗೆ ಮಾರಿ, ಆಮೇಲೆ ಗೆಲ್ಲುತ್ತಾ ಗೆಲ್ಲುತ್ತಾ ಪ್ಲೇಆಫ್‌ಗೇ ಹೋಯಿತು. ಐವತ್ತೊಂಬತ್ತು ದಿನದಲ್ಲಿ ಏನು ಬೇಕಾದರೂ ತಿರುಗಬಹುದು.

ರಿಲೀವರ್‌ಗಳ ವಿಷಯದಲ್ಲಿ ಕಾಯುವುದೇ ಲೇಸು, ಏಕೆಂದರೆ ಅವರ ಆಟ ವರ್ಷದಿಂದ ವರ್ಷಕ್ಕೆ ಏರುಪೇರಾಗುತ್ತದೆ. ಡಿಸೆಂಬರ್‌ನಲ್ಲಿ ಕಳೆದ ವರ್ಷದ ತೋಳನ್ನು ಕೊಳ್ಳುತ್ತೀರಿ, ಜುಲೈನಲ್ಲಿ ಈ ವರ್ಷದ್ದನ್ನು. ಅದೂ ಗ್ಯಾರಂಟಿಯಲ್ಲ: 2025ರ ಡೆಡ್‌ಲೈನ್‌ನಲ್ಲಿ ಮೆಟ್ಸ್ ತಂದ ರಯಾನ್ ಹೆಲ್ಸ್ಲಿ ಹಿಂದಿನ ವರ್ಷ 49 ಸೇವ್ (ಕೊನೆಯಲ್ಲಿ ಬಂದು ಮುನ್ನಡೆ ಕಾಪಾಡುವುದು) ಮಾಡಿದ್ದವರು, ಹೊಸ ತಂಡದಲ್ಲಿ ಇಆರ್‌ಎ 7 ದಾಟಿತು.

ಹಾಗಾದರೆ ನಿಮ್ಮ ತಂಡ ಏನು ಮಾಡಬೇಕು? ವರ್ಲ್ಡ್ ಸೀರೀಸ್ ಮುಗಿದೊಡನೆ 60 ದಿನದ ಗಾಯಾಳು ಪಟ್ಟಿಯಲ್ಲಿದ್ದವರೆಲ್ಲ 40 ಜನರ ರೋಸ್ಟರ್‌ಗೆ (ತಂಡದ ಮುಖ್ಯ ಪಟ್ಟಿಗೆ) ಮರಳುತ್ತಾರೆ. ನವೆಂಬರ್ ನಡುವಿನಲ್ಲಿ ರೂಲ್ 5 ಡ್ರಾಫ್ಟ್‌ನಿಂದ (ಆ ಪಟ್ಟಿಯಲ್ಲಿಲ್ಲದ ಹುಡುಗರನ್ನು ಬೇರೆ ತಂಡಗಳು ಎತ್ತಿಕೊಳ್ಳುವ ಆಯ್ಕೆಯಿಂದ) ಕಾಪಾಡಬೇಕಾದ ಹುಡುಗರನ್ನೂ ಅದರೊಳಗೆ ತುರುಕಬೇಕು. ಜಾಗ ಸಾಲದೆ ಒದ್ದಾಡುವ ತಂಡ ನೀವಾಗಿದ್ದರೆ ಇಬ್ಬರು ಮೂವರನ್ನು ಸೇರಿಸಿ ಒಬ್ಬ ಸ್ಟಾರ್ಟರ್ ತರಲು ಅದೇ ಸರಿಯಾದ ವಾರ. ಹೇಗೂ ಕೈತಪ್ಪುವ ಹುಡುಗ ಟ್ರೇಡ್‌ನಲ್ಲಿ ಬೆಲೆ ತರುತ್ತಾನೆ. ಕೇಳಬೇಕಾದದ್ದು ಫ್ರೀ ಏಜೆಂಟ್ ಆಗಲು ಬೇಕಾದ ಆರು ವರ್ಷದ ಸರ್ವಿಸ್ (ಮೇಜರ್ ಲೀಗ್‌ನಲ್ಲಿ ಕಳೆದ ಕಾಲ) ತುಂಬಲು ಇನ್ನೂ ಎರಡು ವರ್ಷ ಬಾಕಿಯಿರುವ ಪಿಚರ್. ಸರ್ವಿಸ್ ಲೆಕ್ಕದಲ್ಲಿ 172 ದಿನಕ್ಕೆ ಒಂದು ವರ್ಷ. 4 ವರ್ಷ ಚಿಲ್ಲರೆ ದಿನ ಇರುವವನನ್ನು ಹುಡುಕಿ. ಎಲ್ಲ ತಂಡಗಳು ಸೇರುವ ಡಿಸೆಂಬರ್‌ನ ವಿಂಟರ್ ಮೀಟಿಂಗ್ಸ್‌ನಲ್ಲಿ ಮಾರುವವರು ಸಿಕ್ಕಾಪಟ್ಟೆ ಕೇಳಿದರೆ ಕಾಯಿರಿ, ಆದರೆ ಚಳಿಗಾಲದೊಳಗೇ ಕಾಯಿರಿ. ಬರ್ನ್ಸ್ ಬಂದದ್ದು ಫೆಬ್ರವರಿಯಲ್ಲಿ. ಡಿಲನ್ ಸೀಸ್ ಪಾಡ್ರೇಸ್‌ಗೆ ಬಂದದ್ದು 2024ರ ಮಾರ್ಚ್ 13ರಂದು, ಎರಡು ವರ್ಷದ ಒಪ್ಪಂದ ಬಾಕಿ ಇರುವಾಗ. ಅದಕ್ಕೆ ಕೊಟ್ಟವರಲ್ಲಿ ಒಬ್ಬ ಡ್ರೂ ಥಾರ್ಪ್, ಮೂರು ತಿಂಗಳ ಹಿಂದೆಯಷ್ಟೇ ಹುವಾನ್ ಸೊಟೊ ಅವರನ್ನು ಯಾಂಕೀಸ್‌ಗೆ ಕೊಟ್ಟಾಗ ಬಂದಿದ್ದ ಹುಡುಗ.

ಸೊಟೊ ಹೆಸರು ಬಂದದ್ದರಿಂದ ಒಂದು ಎಚ್ಚರಿಕೆ. 2022ರ ಆಗಸ್ಟ್ 2ರ ಡೆಡ್‌ಲೈನ್‌ನಲ್ಲಿ ಪಾಡ್ರೇಸ್ ತಂಡ ಸೊಟೊಗಾಗಿ ಕೊಟ್ಟವರಲ್ಲಿ ಸಿ.ಜೆ. ಏಬ್ರಮ್ಸ್, ಮೆಕೆಂಜಿ ಗೋರ್, ಜೇಮ್ಸ್ ವುಡ್ ಇದ್ದರು. ಮೂವರೂ ಮುಂದೆ ಆಲ್-ಸ್ಟಾರ್ ಆದರು. ಎರಡೂವರೆ ವರ್ಷದ ಸೊಟೊಗೆ ಡೆಡ್‌ಲೈನ್ ಬೆಲೆ ಅದು. ಪಾಡ್ರೇಸ್ ಆ ವರ್ಷ ಲೀಗ್ ಫೈನಲ್‌ವರೆಗೆ ಹೋಯಿತು ನಿಜ, ಆದರೆ ಅಂಥ ಬೆಲೆ ಕೊಡುವ ಶಕ್ತಿ ನಿಮ್ಮ ತಂಡದ ಮೈನರ್ ಲೀಗ್‌ಗೆ ಇದೆಯೇ ಎಂದು ನೋಡಿ.

ಸ್ಟಾರ್ಟರ್ ಬಂದ ಮೇಲೆ ಕಿಸೆ ಪೂರ್ತಿ ಬರಿದು ಮಾಡಬೇಡಿ. ತೆರಿಗೆ ಗೆರೆಯ ಕೆಳಗೆ ಒಂದು ಕೋಟಿ ಡಾಲರ್ ಜಾಗ ಉಳಿಸಿಕೊಂಡರೆ ಜುಲೈ ಕೊನೆಯಲ್ಲಿ ಅದು ವಾರ್ಷಿಕ ಸಂಬಳದ ಲೆಕ್ಕದಲ್ಲಿ ಮೂರು ಕೋಟಿಯ ಆಟಗಾರರನ್ನು ಹೊರುತ್ತದೆ. ಎರಡನೇ ದರ್ಜೆಯ ಮೂರು ನಾಲ್ಕು ಪ್ರಾಸ್ಪೆಕ್ಟ್‌ಗಳನ್ನೂ ಹಾಗೆಯೇ ಎತ್ತಿಡಿ. ಒಬ್ಬ ರಿಲೀವರ್, ಒಬ್ಬ ಬೆಂಚ್ ಬ್ಯಾಟರ್‌ಗೆ ಅದು ಸಾಕು. ನಿಮ್ಮ ಜುಲೈ ಆಗ ಕೆಲಸಕ್ಕೆ ಬರುತ್ತದೆ.

ಜುಲೈ ಮುಗಿದ ಮೇಲೂ ದಾರಿಯಿದೆಯೇ ಎಂದು ಕೇಳುವವರಿದ್ದಾರೆ. 2018ರವರೆಗೆ ವೇವರ್ ದಾಟಿಸಿ ಆಗಸ್ಟ್‌ನಲ್ಲೂ ಟ್ರೇಡ್ ಮಾಡಬಹುದಿತ್ತು. 2017ರಲ್ಲಿ ಜಸ್ಟಿನ್ ವರ್ಲ್ಯಾಂಡರ್ ಆಸ್ಟ್ರೋಸ್ ಸೇರಿದ್ದು ಆಗಸ್ಟ್ 31ರ ರಾತ್ರಿ. 2019ರಿಂದ ಆ ಬಾಗಿಲು ಮುಚ್ಚಿದೆ. ಈಗ ಆಗಸ್ಟ್‌ನಲ್ಲಿ ಬೇರೆಯವರು ವೇವರ್‌ಗೆ ಬಿಟ್ಟವರನ್ನು ಎತ್ತಿಕೊಳ್ಳಬಹುದು, ಕೈಬಿಟ್ಟವರಿಗೆ ಸಹಿ ಹಾಕಿಸಬಹುದು, ಅಷ್ಟೇ. ಪ್ಲೇಆಫ್‌ನಲ್ಲಿ ಆಡಿಸಬೇಕಾದರೆ ಆಗಸ್ಟ್ 31ರೊಳಗೆ ಆತ ನಿಮ್ಮ ಸಂಸ್ಥೆಯಲ್ಲಿರಬೇಕು. 2023ರಲ್ಲಿ ಏಂಜಲ್ಸ್ ಬಿಟ್ಟ ಜಿಯೊಲಿಟೊ, ಲೋಪೆಜ್, ಮ್ಯಾಟ್ ಮೂರ್ ಮೂವರನ್ನೂ ಕ್ಲೀವ್‌ಲ್ಯಾಂಡ್ ಬರೀ ಉಳಿದ ಸಂಬಳಕ್ಕೆ ಎತ್ತಿಕೊಂಡಿತು. ಹುಡುಗರು ಯಾರೂ ಹೋಗಲಿಲ್ಲ, ಆದರೆ ಉಳಿದಿದ್ದದ್ದು ಒಂದೇ ತಿಂಗಳು. ಕ್ಲೀವ್‌ಲ್ಯಾಂಡ್‌ನ ವರ್ಷ 76-86ಕ್ಕೆ ಮುಗಿಯಿತು.